ಆರು ಕಿಲೋಮೀಟರ್ ದೂರದ ಅಲೆ

ಜಿಲ್ಲಾ ಸ್ಟ್ರಿಂಗರ್‌ಗಳಾದ ನಮಗೆ ಮೊಬೈಲ್ ನೆಟ್‌ವರ್ಕ್ ಎಂದರೆ ಇಳಿದು ಬರುವುದಕ್ಕಿಂತ ಏರಿ ಹೋಗುವುದು ಮುಖ್ಯ. ಊರಿನವರು ಅದೇ ಟವರ್‌ನಿಂದ ಸಿನಿಮಾ ನೋಡುತ್ತಾರೆ, ಕ್ರಿಕೆಟ್ ನೋಡುತ್ತಾರೆ. ಟವರ್ ಸುರಿಯುತ್ತದೆ, ಫೋನ್ ಹಿಡಿದುಕೊಳ್ಳುತ್ತದೆ. ನಮ್ಮ ಕೆಲಸ ಉಲ್ಟಾ. ಆಲಿಕಲ್ಲು ಬಿದ್ದ ದ್ರಾಕ್ಷಿ ತೋಟದ ನಲವತ್ತು ಸೆಕೆಂಡಿನ ವಿಡಿಯೊ, ಕುಡಿಯುವ ನೀರಿಗಾಗಿ ಪಂಚಾಯಿತಿ ಎದುರು ಕೂತ ಹೆಂಗಸರ ಫೋಟೊ, ತಹಶೀಲ್ದಾರರ ಎರಡು ಮಾತು, ಎಲ್ಲವೂ ಸಂಜೆ ಆರರೊಳಗೆ ನಮ್ಮ ಕೈಯಿಂದ ಡೆಸ್ಕಿಗೆ ಏರಬೇಕು. ರಾಜಾನುಕುಂಟೆ ದಾಟಿ, ದೊಡ್ಡಬಳ್ಳಾಪುರದ ಕಡೆ ಯಾವುದಾದರೂ ಒಳರಸ್ತೆ ಹಿಡಿದು ಎರಡು ಊರು ಹೋದರೆ ಸಾಕು. ಫೋನಿನ ನೆತ್ತಿಯ ಮೇಲೆ ಮೂರು ಕಡ್ಡಿ ನಿಂತಿರುತ್ತವೆ, ರೀಲ್ಸ್ ಓಡುತ್ತವೆ, ನಮ್ಮ ವಿಡಿಯೊ ಮಾತ್ರ ಶೇಕಡಾ ಹನ್ನೊಂದರಲ್ಲಿ ಸುತ್ತುತ್ತಾ ಕೂತಿರುತ್ತದೆ. "ನೆಟ್‌ವರ್ಕ್ ಇದೆಯಲ್ಲಪ್ಪಾ, ರಿಂಗ್ ಆಗ್ತಿದೆ" ಎನ್ನುತ್ತಾರೆ ಡೆಸ್ಕಿನವರು. ಇದೆ. ಇಳಿಯುವುದಕ್ಕೆ ಇದೆ.

ಇದು ವರದಿಗಾರರೊಬ್ಬರ ಗೋಳಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. 2020ರಲ್ಲಿ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಬೆಳೆಯ ಫೋಟೊ ತೆಗೆದು ಬೆಳೆ ಸಮೀಕ್ಷೆ ಆ್ಯಪ್‌ಗೆ ಏರಿಸುವ ಪದ್ಧತಿ ಬಂತು. 2023ರ ಜನವರಿ 1ರಿಂದ ನರೇಗಾ ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಫೋಟೊ ಸಮೇತ ಹಾಜರಿ ಹಾಕುವುದು ಕಡ್ಡಾಯವಾಯಿತು. ಕೆರೆ ಅಂಗಳದಲ್ಲಿ ಫೋಟೊ ಹೊಡೆದು, ಅದನ್ನು ಕಳಿಸಲು ಸಿಗ್ನಲ್ ಸಿಗುವ ದಿಬ್ಬ ಹುಡುಕಿಕೊಂಡು ನಡೆದ ಮೇಟ್‌ಗಳನ್ನು ನಾವು ನೋಡಿದ್ದೇವೆ. ಬೆಳೆ ಪರಿಹಾರ, ದಿನದ ಕೂಲಿ, ನಮ್ಮ ಸುದ್ದಿ ಮೂರೂ ಈಗ ಫೋನಿನಿಂದ ಟವರ್‌ಗೆ ಹೋಗುವ ಆ ಸಣ್ಣ ಅಲೆಯ ಮೇಲೆ ನಿಂತಿವೆ.

ಆ ಅಲೆಯ ಆಕಾರವನ್ನು ತೀರ್ಮಾನಿಸುವವರು ಯಾರು? ಈ ಪ್ರಶ್ನೆ ನಮ್ಮ ತಲೆಗೆ ಹೊಕ್ಕಿದ್ದು 2025ರ ಆಗಸ್ಟ್‌ನಲ್ಲಿ. ಆ ತಿಂಗಳ 25ರಿಂದ 29ರವರೆಗೆ ಬೆಂಗಳೂರಿನಲ್ಲಿ 3ಜಿಪಿಪಿ ಎಂಬ ಸಂಸ್ಥೆಯ ರೇಡಿಯೊ ಕಾರ್ಯಗುಂಪುಗಳ ಸಭೆ ನಡೆಯಿತು. ಜಗತ್ತಿನ ಮೊಬೈಲ್ ಜಾಲಗಳಿಗೆಲ್ಲ ನಿಯಮ ಬರೆಯುವ ಕೂಟ ಇದು. ಭಾರತದ ಪರವಾಗಿ ಆತಿಥ್ಯ ವಹಿಸಿದ್ದು ನಮ್ಮ ದೇಶದ ದೂರಸಂಪರ್ಕ ಮಾನಕ ಸಂಸ್ಥೆಯಾದ ಟಿಎಸ್‌ಡಿಎಸ್‌ಐ. 6ಜಿಗೆ ನಿಯಮ ಬರೆಯುವ ಕೆಲಸ ಆ ಕಾರ್ಯಗುಂಪುಗಳಲ್ಲಿ ಶುರುವಾದದ್ದು ಇಲ್ಲೇ. ಪತ್ರಿಕೆಗಳಲ್ಲಿ ಒಂದು ಕಾಲಂ ಬಂತು. ಸಚಿವಾಲಯದ ಪ್ರಕಟಣೆ, ಪ್ರತಿನಿಧಿಗಳ ಸಂಖ್ಯೆ, ಮುಗಿಯಿತು. ಚರ್ಚೆಯ ಪಟ್ಟಿಯಲ್ಲಿದ್ದ ಒಂದು ಪದ ಮಾತ್ರ ನಮ್ಮನ್ನು ಹಿಡಿದು ನಿಲ್ಲಿಸಿತು: ವೇವ್‌ಫಾರ್ಮ್. ಕನ್ನಡದಲ್ಲಿ ತರಂಗರೂಪ.

ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಆದ್ದರಿಂದ ಓದಿದೆವು, ಗೊತ್ತಿದ್ದವರನ್ನು ಪೀಡಿಸಿದೆವು, ಆರ್‌.ಟಿ. ನಗರದಲ್ಲಿ ಫೋನ್ ರಿಪೇರಿ ಮಾಡುವ ಗೆಳೆಯರ ಮೇಜಿನ ಮುಂದೆ ಕೂತೆವು. ಅರ್ಥವಾದಷ್ಟನ್ನು ಹಂಚಿಕೊಳ್ಳುತ್ತೇವೆ.

ಕೂಗು ಮತ್ತು ಮಾರ್ದನಿ

ನಂದಿ ಬೆಟ್ಟದ ತಪ್ಪಲಲ್ಲಿ ನಿಂತು ಒಬ್ಬರನ್ನು ಜೋರಾಗಿ ಕೂಗಿ ನೋಡಿ. ನಿಮ್ಮ ಕೂಗು ನೇರವಾಗಿ ಹೋಗುತ್ತದೆ, ಬಂಡೆಗೆ ಬಡಿದು ಇನ್ನೊಂದು ಸಲವೂ ಹೋಗುತ್ತದೆ. ಗಡಿಬಿಡಿಯಲ್ಲಿ ಮಾತಾಡಿದರೆ ಹಿಂದಿನ ಪದದ ಮಾರ್ದನಿ ಮುಂದಿನ ಪದದ ಮೇಲೆ ಬಿದ್ದು ಎರಡೂ ಕೆಡುತ್ತವೆ. ಹೊಲದಲ್ಲಿ ಕೆಲಸ ಮಾಡುವವರಿಗೆ ಇದಕ್ಕೆ ಉಪಾಯ ಗೊತ್ತು. ಒಂದೊಂದೇ ಪದವನ್ನು ಎಳೆದು ಕೂಗುತ್ತಾರೆ, ಮಾರ್ದನಿ ಅಡಗುವವರೆಗೆ ಕಾಯುತ್ತಾರೆ, ಆಮೇಲೆ ಮುಂದಿನದು.

4ಜಿ ಮತ್ತು 5ಜಿಯ ಅಲೆ ಮಾಡುವುದೂ ಇದನ್ನೇ. ಅದರ ಹೆಸರು ಓಎಫ್‌ಡಿಎಂ. ಇದರ ಮೂಲ ಕಲ್ಪನೆಯನ್ನು 1966ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ರಾಬರ್ಟ್ ಚಾಂಗ್ ಪ್ರಕಟಿಸಿದರು. ಒಂದೇ ದಾರಿಯಲ್ಲಿ ವೇಗವಾಗಿ ಮಾಹಿತಿ ಸುರಿಯುವ ಬದಲು ನೂರಾರು ಸಣ್ಣ ದಾರಿಗಳಲ್ಲಿ ಒಟ್ಟೊಟ್ಟಿಗೆ ನಿಧಾನವಾಗಿ ಕಳಿಸುವುದು ಅದರ ಗುಟ್ಟು. ಪ್ರತಿ ದಾರಿಯೂ ನಿಧಾನವಾದ್ದರಿಂದ ಮಾರ್ದನಿಗಾಗಿ ಕಾಯಲು ಪುರಸೊತ್ತು ಸಿಗುತ್ತದೆ. 4ಜಿಯಲ್ಲಿ ಒಂದು ದಾರಿಗೂ ಪಕ್ಕದ ದಾರಿಗೂ 15 ಕಿಲೋಹರ್ಟ್ಸ್ ಅಂತರ. ಒಂದು ಸಂಕೇತದ ಉದ್ದ 66.7 ಮೈಕ್ರೊಸೆಕೆಂಡ್, ಅದರ ಮುಂದೆ ಸುಮಾರು 4.7 ಮೈಕ್ರೊಸೆಕೆಂಡಿನ ಕಾಯುವ ಸಮಯ. ಅಷ್ಟರಲ್ಲಿ ರೇಡಿಯೊ ಅಲೆ 1.4 ಕಿಲೋಮೀಟರ್ ಹೋಗುತ್ತದೆ. ಅಂದರೆ ನೇರ ದಾರಿಗಿಂತ 1.4 ಕಿಲೋಮೀಟರ್ ಸುತ್ತಿಕೊಂಡು ಬಂದ ಮಾರ್ದನಿಯನ್ನೂ ಈ ಅಲೆ ತಡೆದುಕೊಳ್ಳುತ್ತದೆ.

5ಜಿ ಬಂದಾಗ ಈ ಅಂತರವನ್ನು ಬದಲಿಸಿಕೊಳ್ಳಲು ಅವಕಾಶ ಕೊಟ್ಟರು: 15, 30, 60, 120 ಕಿಲೋಹರ್ಟ್ಸ್. ಅಂತರ ಹೆಚ್ಚಿಸಿದಷ್ಟೂ ಸಂಕೇತ ಚಿಕ್ಕದು, ಉತ್ತರ ಬೇಗ. ಆದರೆ ಕಾಯುವ ಸಮಯವೂ ಕುಗ್ಗುತ್ತದೆ. 30 ಕಿಲೋಹರ್ಟ್ಸ್‌ಗೆ ಹೋದರೆ ತಡೆದುಕೊಳ್ಳುವ ಸುತ್ತುದಾರಿ 700 ಮೀಟರಿಗೆ ಇಳಿಯಿತು. ಹೆಬ್ಬಾಳದ ಗಾಜಿನ ಕಟ್ಟಡಗಳ ನಡುವೆ, ಟವರ್ ಹತ್ತಿರವೇ ಇರುವ ಕಡೆ, ಅದು ಸಾಕು. ಬೆಟ್ಟದ ತಪ್ಪಲಿನ ಊರಿಗೆ ಮೊದಲನೆಯದೇ ವಾಸಿ. ತರಂಗರೂಪ ಹೊಂದಿಕೊಳ್ಳುವಂತಿರಬೇಕು ಎಂದು ಎಂಜಿನಿಯರುಗಳು ಹೇಳುವುದರ ಮೊದಲ ಪಾಠ ಇದು. ಒಂದೇ ಅಳತೆಯ ಅಂಗಿ ಎಲ್ಲರಿಗೂ ಆಗುವುದಿಲ್ಲ.

25 ಲಕ್ಷ ಪಟ್ಟು

ಯಲಹಂಕದಿಂದ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಓಡಾಡಿದವರಿಗೆ ಆಕಾಶವಾಣಿಯ ಆ ಭಾರೀ ಕಂಬ ತಂತಿಗಳ ಬಯಲು ಗೊತ್ತಿರುತ್ತದೆ. ಹೊರದೇಶಗಳನ್ನು ಮುಟ್ಟುವ ಕಿರುತರಂಗ ಪ್ರಸಾರಕ್ಕೆಂದು ಅಲ್ಲಿ ಕೂರಿಸಿದ ಪ್ರಸಾರಕಗಳು ಒಂದೊಂದೂ 500 ಕಿಲೋವ್ಯಾಟ್‌ನವು. ನಮ್ಮ ಕೈಯ ಫೋನ್ ಟವರ್‌ಗೆ ಕಳಿಸುವ ಸಾಮಾನ್ಯ ಗರಿಷ್ಠ ಶಕ್ತಿ 200 ಮಿಲಿವ್ಯಾಟ್. ಭಾಗಿಸಿ ನೋಡಿದರೆ 25 ಲಕ್ಷ ಪಟ್ಟು ವ್ಯತ್ಯಾಸ.

ಆ ಪ್ರಸಾರದ ತರಂಗರೂಪದಲ್ಲಿ ಒಂದು ಸ್ವಾರಸ್ಯವಿದೆ. ಹಳೆಯ ಎಎಂ ವಿಧಾನದಲ್ಲಿ ಶಕ್ತಿಯ ಮೂರನೇ ಎರಡು ಭಾಗ, ಬಹಳ ಸಲ ಅದಕ್ಕೂ ಹೆಚ್ಚು, ಮಾತನ್ನೇ ಹೊರದ ವಾಹಕ ಅಲೆಗೆ ಹೋಗುತ್ತದೆ. ಲೆಕ್ಕದಲ್ಲಿ ಅದು ಪೋಲು. ಆದರೆ ವಾಹಕ ಜೊತೆಗಿದ್ದುದರಿಂದಲೇ ರೇಡಿಯೊ ಪೆಟ್ಟಿಗೆಯೊಳಗೆ ಜಾಣತನ ಬೇಕಾಗಲಿಲ್ಲ. ಒಂದು ಡಯೋಡ್, ಒಂದಿಷ್ಟು ತಂತಿ, ಎರಡು ಸೆಲ್ ಇದ್ದರೆ ಹಾಡು ಬರುತ್ತಿತ್ತು. ಖರ್ಚನ್ನೆಲ್ಲ ಪ್ರಸಾರ ಮಾಡುವವರು ಹೊತ್ತರು, ಕೇಳುವವರ ಪೆಟ್ಟಿಗೆ ಅಗ್ಗವಾಯಿತು. ಕುರಿ ಕಾಯುವವರ ಹೆಗಲಿಗೂ ಟ್ರಾನ್ಸಿಸ್ಟರ್ ಏರಿತು. ಅಲೆಯ ಆಕಾರ ಬರೀ ಗಣಿತವಲ್ಲ, ಭಾರವನ್ನು ಯಾರು ಹೊರಬೇಕು ಎಂಬ ತೀರ್ಮಾನ ಅದರೊಳಗೆ ಅಡಗಿರುತ್ತದೆ ಎಂದು ನಮಗೆ ಮೊದಲು ತಿಳಿದದ್ದು ಇಲ್ಲಿ.

ಈಗ ಓಎಫ್‌ಡಿಎಂಗೆ ಬನ್ನಿ. ನೂರಾರು ಸಣ್ಣ ಅಲೆಗಳು ಒಟ್ಟಿಗೆ ಹೊರಡುತ್ತವೆ ಎಂದೆವಲ್ಲ, ಅವುಗಳ ಏರುಗಳೆಲ್ಲ ಆಗೊಮ್ಮೆ ಈಗೊಮ್ಮೆ ಒಂದೇ ಕ್ಷಣದಲ್ಲಿ ಕೂಡಿಬಿಡುತ್ತವೆ. ಆಗ ಒಟ್ಟು ಅಲೆಯ ಶಕ್ತಿ ಸರಾಸರಿಯ ಸುಮಾರು ಹತ್ತು ಪಟ್ಟಿನವರೆಗೂ ಜಿಗಿಯಬಹುದು. ಫೋನಿನೊಳಗಿನ ಪವರ್ ಆಂಪ್ಲಿಫಯರ್ ಆ ಜಿಗಿತಕ್ಕೆ ಜಾಗ ಬಿಟ್ಟುಕೊಂಡೇ ಕೆಲಸ ಮಾಡಬೇಕು, ಇಲ್ಲವಾದರೆ ಅಲೆಯ ತುದಿ ಕತ್ತರಿಸಿ ಮಾಹಿತಿ ಕೆಡುತ್ತದೆ, ಪಕ್ಕದವರ ತರಂಗಾಂತರಕ್ಕೂ ಕಸ ಚೆಲ್ಲುತ್ತದೆ. ಜಾತ್ರೆಯಲ್ಲಿ ಯಾವಾಗಲೋ ಒಮ್ಮೆ ಕುಣಿಯುವ ಎತ್ತಿಗಾಗಿ ಗಾಡಿಯಲ್ಲಿ ಅರ್ಧ ಹೊರೆ ಹೇರಿದ ಹಾಗೆ. ಟವರ್‌ಗೆ ಇದು ದೊಡ್ಡ ಕಷ್ಟವಲ್ಲ. ಅದಕ್ಕೆ ಕರೆಂಟ್ ಇದೆ, ಜನರೇಟರ್ ಇದೆ, ದೊಡ್ಡ ಆಂಪ್ಲಿಫಯರ್ ಇದೆ. ಫೋನಿಗೆ ಬ್ಯಾಟರಿ ಬಿಟ್ಟರೆ ಬೇರೆ ಗತಿಯಿಲ್ಲ. ರಿಪೇರಿ ಗೆಳೆಯರು ಭೂತಗನ್ನಡಿಯಡಿ ಆ ಚಿಪ್ ತೋರಿಸಿದರು. ನಮ್ಮ ಕಿರುಬೆರಳಿನ ಉಗುರಿಗಿಂತ ಸಣ್ಣದು. "ವಿಡಿಯೊ ಕಳಿಸುವಾಗ ಫೋನ್ ಬಿಸಿಯಾಗುತ್ತೆ ಅಂತೀರಲ್ಲ, ಇದೇ ಬೇಯೋದು" ಎಂದರು.

ಮೂರು ಕಡ್ಡಿ ಇದ್ದೂ ವಿಡಿಯೊ ಏರದಿರುವುದಕ್ಕೆ ದೊಡ್ಡ ಕಾರಣ ಇಲ್ಲಿದೆ. ಕಡ್ಡಿಗಳು ತೋರಿಸುವುದು ಟವರ್‌ನ ದನಿ ನಮಗೆಷ್ಟು ಕೇಳುತ್ತಿದೆ ಎಂಬುದನ್ನು. ನಮ್ಮ ದನಿ ಟವರ್‌ಗೆ ಕೇಳುತ್ತಿದೆಯೇ ಎಂಬುದನ್ನು ತೋರಿಸುವ ಕಡ್ಡಿ ಯಾವ ಫೋನಿನ ತಲೆಯ ಮೇಲೂ ಇಲ್ಲ.

ಇದಕ್ಕೆ ಮದ್ದು ಇಲ್ಲವೆಂದಲ್ಲ. 4ಜಿಯಲ್ಲಿಯೇ ಏರುದಾರಿಗೆ ಬೇರೆ ತರಂಗರೂಪ ಬಳಸಿದರು. ಕಳಿಸಬೇಕಾದ ಮಾಹಿತಿಯನ್ನು ಮೊದಲು ಒಂದು ಗಣಿತದ ಜರಡಿಯಲ್ಲಿ ಹಾಯಿಸಿ ಆಮೇಲೆ ಓಎಫ್‌ಡಿಎಂಗೆ ಒಪ್ಪಿಸುವುದು. ಆಗ ಹೊರಬರುವ ಅಲೆ ಅಷ್ಟಾಗಿ ಜಿಗಿಯುವುದಿಲ್ಲ. 2016ರಲ್ಲಿ 5ಜಿಗಾಗಿ ಹತ್ತಾರು ಹೊಸ ತರಂಗರೂಪಗಳು ಸ್ಪರ್ಧೆಗೆ ನಿಂತಿದ್ದವು. 3ಜಿಪಿಪಿ ಕೊನೆಗೆ ಓಎಫ್‌ಡಿಎಂ ಅನ್ನೇ ಉಳಿಸಿಕೊಂಡು, ಏರುದಾರಿಯಲ್ಲಿ ಈ ಜರಡಿಯ ಅಲೆಯನ್ನೂ ಬಳಸಬಹುದೆಂದು ಬರೆಯಿತು. ಅದರ ಮೇಲೆ ಇನ್ನೊಂದು ಹೆಜ್ಜೆ ಇಟ್ಟವರು ನಮ್ಮ ದೇಶದವರು.

ಪಂಚಾಯಿತಿಯಿಂದ ಪಂಚಾಯಿತಿಗೆ

5ಜಿ ಎಂದು ಕರೆಸಿಕೊಳ್ಳಲು ಯೋಗ್ಯತೆ ಏನೆಂದು ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಪರೀಕ್ಷೆಯ ಕೋಷ್ಟಕಗಳನ್ನು ಬರೆಯುತ್ತದೆ. 2017ರ ಆ ಕೋಷ್ಟಕದಲ್ಲಿ ಗ್ರಾಮೀಣ ಪ್ರದೇಶ ಎಂಬ ಮನೆಯೂ ಇತ್ತು. ಆ ಗ್ರಾಮೀಣ ಪ್ರದೇಶದಲ್ಲಿ ಟವರ್‌ನಿಂದ ಟವರ್‌ಗೆ ದೂರ 1,732 ಮೀಟರ್. ಅಲ್ಲಿನ ಜನ ಕಾರಿನಲ್ಲಿ ವೇಗವಾಗಿ ಓಡಾಡುವವರು. ನಮ್ಮಲ್ಲಿ ಯಾವ ಹೋಬಳಿಯಲ್ಲಿ ಹೀಗಿದೆ?

ಭಾರತದ ಎಂಜಿನಿಯರುಗಳು ಕೇಳಿದ್ದೂ ಇದನ್ನೇ. ನಮ್ಮ ಹಳ್ಳಿಗಳ ಜನ ಅಷ್ಟು ವೇಗವಾಗಿ ಓಡಾಡುವುದಿಲ್ಲ, ಆದರೆ ದೂರ ದೂರ ಇದ್ದಾರೆ. ಫೈಬರ್ ಕೇಬಲ್ ಬರುವುದು ಗ್ರಾಮ ಪಂಚಾಯಿತಿಯವರೆಗೆ. ಟವರ್ ಅಲ್ಲೇ ನೆಟ್ಟರೆ ಸುತ್ತಲಿನ ಮಜರೆ, ಹಟ್ಟಿ, ತಾಂಡಾಗಳು ಮೂರು ಕಿಲೋಮೀಟರ್ ಆಚೀಚೆ ಬೀಳುತ್ತವೆ. ಹಾಗಾಗಿ ಟವರ್‌ನಿಂದ ಟವರ್‌ಗೆ ಆರು ಕಿಲೋಮೀಟರ್ ಎಂದು ಇಟ್ಟು ಪರೀಕ್ಷೆ ಮಾಡಿ ಎಂದರು. ವಾದ ಗೆದ್ದಿತು. ಕಡಿಮೆ ಚಲನೆ, ದೊಡ್ಡ ವ್ಯಾಪ್ತಿ ಎಂಬ ಹೆಸರಿನಲ್ಲಿ, 700 ಮೆಗಾಹರ್ಟ್ಸ್ ತರಂಗಾಂತರದಲ್ಲಿ, 6,000 ಮೀಟರ್ ದೂರದ ಸಾಲೊಂದು ಆ ಜಾಗತಿಕ ಕೋಷ್ಟಕ ಸೇರಿತು. ಗ್ರಾಮೀಣ ಪತ್ರಿಕೋದ್ಯಮ ಓದಿದ ನಮಗೆ ಇದು ಎಷ್ಟು ದೊಡ್ಡ ಸುದ್ದಿಯಾಗಬೇಕಿತ್ತು ಎಂದು ಈಗ ಅನ್ನಿಸುತ್ತದೆ. ನಮ್ಮ ಪಂಚಾಯಿತಿಗಳ ನಡುವಿನ ದೂರ ಜಿನೀವಾದ ದಾಖಲೆಯಲ್ಲಿ ಕೂತಿತ್ತು. ನಮ್ಮ ಯಾವ ಜಿಲ್ಲಾ ಪುಟದಲ್ಲೂ ಅದನ್ನು ಕಂಡ ನೆನಪಿಲ್ಲ.

ಆರು ಕಿಲೋಮೀಟರಿನ ಪರೀಕ್ಷೆ ಪಾಸಾಗಲು ಫೋನಿನ ದನಿ ದೂರ ಹೋಗಬೇಕು. ಐಐಟಿ ಹೈದರಾಬಾದಿನ ಕಿರಣ್ ಕೂಚಿ ಮತ್ತು ಅವರ ಬಳಗ, ಚೆನ್ನೈನ ಸಿಇವಿಟ್ ಸಂಸ್ಥೆ ಮುಂತಾದವರು ಹಿಡಿದ ದಾರಿ ಸರಳವಾದದ್ದು. ಒಂದು ಸಂಕೇತಕ್ಕೆ ಒಂದೇ ಒಂದು ಬಿಟ್ ಹೊರಿಸಿ, ಪ್ರತಿ ಹೆಜ್ಜೆಗೂ ಅಲೆಯನ್ನು 90 ಡಿಗ್ರಿ ತಿರುಗಿಸಿ, ಅಂಚುಗಳನ್ನು ನಯಗೊಳಿಸುವುದು. ಆಗ ಅಲೆ ಒಮ್ಮೆಲೇ ಸೊನ್ನೆಗೆ ಬಿದ್ದು ಏಳುವುದಿಲ್ಲ, ಬಹುಮಟ್ಟಿಗೆ ಸಮತಟ್ಟಾಗಿ ಹರಿಯುತ್ತದೆ. ಆಂಪ್ಲಿಫಯರ್ ಗಾಡಿಯ ತುಂಬ ಹೊರೆ ಹೇರಬಹುದು. ಪೈ ಬೈ ಟೂ ಬಿಪಿಎಸ್‌ಕೆ ಎಂಬ ಈ ವಿಧಾನ 5ಜಿಯ ಮೊದಲ ಆವೃತ್ತಿಯಲ್ಲೇ ಜಾಗ ಪಡೆಯಿತು. ಕೆಲವು ಬ್ಯಾಂಡ್‌ಗಳಲ್ಲಿ, ಕೆಲವು ಷರತ್ತುಗಳ ಮೇಲೆ, ಇದನ್ನು ಬಳಸುವ ಫೋನ್ 200 ಮಿಲಿವ್ಯಾಟ್ ಬದಲು ಸುಮಾರು 400 ಮಿಲಿವ್ಯಾಟ್ ಕಳಿಸಬಹುದೆಂದು ನಿಯಮ ಹೇಳಿತು. ಸಂಕೇತಕ್ಕೆ ಒಂದೇ ಬಿಟ್ ಆದ್ದರಿಂದ ವೇಗ ಕಡಿಮೆ. ದೊಡ್ಡ ವಿಡಿಯೊ ಹಾರಿಹೋಗುವುದಿಲ್ಲ. ಆದರೆ ಹಾಜರಿಯ ಫೋಟೊ ನಿಧಾನಕ್ಕಾದರೂ ತಲುಪುತ್ತದೆ.

ಆಮೇಲಿನ ಕತೆ ಅಷ್ಟು ನೇರವಾಗಿ ಸಾಗಲಿಲ್ಲ. ಟಿಎಸ್‌ಡಿಎಸ್‌ಐ ಇಂಥ ಬದಲಾವಣೆಗಳನ್ನೆಲ್ಲ ಸೇರಿಸಿ 5ಜಿಐ ಎಂಬ ಭಾರತದ್ದೇ ಮಾನಕವನ್ನು ರೂಪಿಸಿತು. 2021ರ ಆರಂಭದಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಅದಕ್ಕೂ ಮುದ್ರೆ ಒತ್ತಿತು. ಮೊಬೈಲ್ ಕಂಪನಿಗಳು, ಉಪಕರಣ ತಯಾರಕರು ಒಪ್ಪಲಿಲ್ಲ. ಒಂದು ದೇಶಕ್ಕೆ ಬೇರೆ ಚಿಪ್ ಮಾಡಿದರೆ ಫೋನಿನ ಬೆಲೆ ಏರುತ್ತದೆ, ಹೊರಗಿನ ಜಾಲಗಳೊಂದಿಗೆ ಹೊಂದುವುದಿಲ್ಲ ಎಂಬ ಅವರ ಮಾತಿನಲ್ಲಿ ಹುರುಳಿತ್ತು. ಬೆಲೆ ಏರಿದ ಫೋನನ್ನು ಕೊಳ್ಳಲಾಗದೆ ಮೊದಲು ಹೊರಗುಳಿಯುವವರೂ ಹಳ್ಳಿಯವರೇ ತಾನೆ? 2021ರ ಡಿಸೆಂಬರ್‌ನಲ್ಲಿ 5ಜಿಐಯ ಅಂಶಗಳನ್ನು ಜಾಗತಿಕ 5ಜಿಯೊಳಗೇ ವಿಲೀನಗೊಳಿಸುವ ಒಪ್ಪಂದವಾಯಿತು. ಪ್ರತ್ಯೇಕ ಹೆಸರು ಹೋಯಿತು, ಕೆಲಸ ಉಳಿಯಿತು. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಸೇವೆ ಉದ್ಘಾಟನೆಯಾಯಿತು.

ಆದರೆ ಪುಸ್ತಕದಲ್ಲಿ ಬರೆದದ್ದೆಲ್ಲ ಗದ್ದೆಗೆ ಬರುವುದಿಲ್ಲ. ಹೆಚ್ಚು ಶಕ್ತಿಯಲ್ಲಿ ಕಳಿಸುವ ಆ ಸೌಲಭ್ಯ ನಿಯಮದಲ್ಲಿ ಐಚ್ಛಿಕ. ಚಿಪ್ ಮಾಡುವವರು ಹಾಕಬೇಕು, ಫೋನ್ ಮಾರುವವರು ಬಿಡಬೇಕು, ಜಾಲ ನಡೆಸುವವರು ಚಾಲೂ ಮಾಡಬೇಕು. ಮೂವರಲ್ಲಿ ಒಬ್ಬರು ಕೈಬಿಟ್ಟರೂ ಅದು ಕಾಗದದ ಮೇಲಿನ ಸೌಲಭ್ಯ. ಸರ್ಕಾರಿ ಯೋಜನೆಗಳನ್ನು ವರದಿ ಮಾಡಿ ಅಭ್ಯಾಸವಿರುವ ನಮಗೆ ಐಚ್ಛಿಕ ಎಂಬ ಪದದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಒಂದೇ ದಿಕ್ಕು, ನಾಲ್ಕು ಬೇಡಿಕೆ

ಹಾಗಾದರೆ 6ಜಿಯಲ್ಲಿ ದೂರಕ್ಕೆಂದೇ ಒಂದು ಅಲೆ ಮಾಡಿದರೆ ಮುಗಿಯಿತಲ್ಲವೇ? ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ ಒಂದು ಸುತ್ತು ಹೊಡೆದರೆ ಅದು ಯಾಕೆ ಸಾಲದು ಎಂದು ಕಾಣುತ್ತದೆ.

ಹೆಬ್ಬಾಳದ ಜಿಕೆವಿಕೆಯಲ್ಲಿ ಕೃಷಿ ಮೇಳ ನಡೆಯುವ ದಿನಗಳನ್ನು ನೆನೆಯಿರಿ. ಅಲ್ಲಿ ದೂರದ ಸಮಸ್ಯೆಯಿಲ್ಲ. ಸಮಸ್ಯೆ ಗುಂಪಿನದು. ಸಾವಿರಾರು ಜನ ಒಂದೇ ಮೈದಾನದಲ್ಲಿ ಹೊಸ ರಾಗಿ ತಳಿಯ ಫೋಟೊ ತೆಗೆದು ಒಂದೇ ಗಂಟೆಯಲ್ಲಿ ಏರಿಸಲು ನೋಡುತ್ತಾರೆ. ಅಲ್ಲಿ ಸಂಕೇತಕ್ಕೆ ಒಂದು ಬಿಟ್ ಎಂಬ ಉದಾರತನ ನಡೆಯದು, ಒಂದೊಂದು ಸಂಕೇತದಲ್ಲೂ ಆರೆಂಟು ಬಿಟ್ ತುರುಕಬೇಕು.

ದೇವನಹಳ್ಳಿಯ ವಿಮಾನ ನಿಲ್ದಾಣದ ಹತ್ತಿರ ಬೇಡಿಕೆ ಬೇರೆ. ನೆಲದಿಂದ ಎಷ್ಟು ಎತ್ತರದಲ್ಲಿದ್ದೇವೆ ಎಂದು ವಿಮಾನಗಳು ಅಳೆಯುವ ರೇಡಿಯೊ ಆಲ್ಟಿಮೀಟರ್ 4.2ರಿಂದ 4.4 ಗಿಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತದೆ. 5ಜಿಯ ಮುಖ್ಯ ಬ್ಯಾಂಡ್ ಅದಕ್ಕೆ ತುಸು ಕೆಳಗೆ, 3.3 ಗಿಗಾಹರ್ಟ್ಸ್‌ನಿಂದ ಶುರು. ಹಳೆಯ ಆಲ್ಟಿಮೀಟರ್‌ಗಳು ತಮ್ಮ ಬ್ಯಾಂಡಿನಾಚೆಯ ಸದ್ದನ್ನೂ ಕೇಳಿಸಿಕೊಂಡುಬಿಡುತ್ತವೆ. ಅದಕ್ಕಾಗಿ 2022ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ದೇಶದ ವಿಮಾನ ನಿಲ್ದಾಣಗಳಿಗೆಲ್ಲ ಒಂದು ಗೆರೆ ಎಳೆಯಿತು: ರನ್‌ವೇಯ ಎರಡೂ ತುದಿಗಳಿಂದ 2.1 ಕಿಲೋಮೀಟರ್, ನಡುಗೆರೆಯಿಂದ 910 ಮೀಟರ್ ಒಳಗೆ ಆ ಬ್ಯಾಂಡಿನ ಟವರ್ ಬೇಡ. ಇಂಥ ಕಡೆ ಅಲೆಯ ಅಂಚು ಚೊಕ್ಕಟವಾಗಿರುವುದು, ನೆರೆಯವರ ಬೇಲಿ ದಾಟದಿರುವುದು ಮುಖ್ಯವಾಗುತ್ತದೆ. ಓಎಫ್‌ಡಿಎಂ ಅಂಚಿನಲ್ಲಿ ತುಸು ಚೆಲ್ಲುವ ಅಲೆ. ಅದನ್ನು ಸೋಸಿ ಒಪ್ಪ ಮಾಡುವ ವಿಧಾನಗಳೇ 5ಜಿಯ ಸ್ಪರ್ಧೆಯಲ್ಲಿ ಹಲವು ಹೆಸರುಗಳಲ್ಲಿ ಬಂದಿದ್ದವು.

ಮೂರನೆಯದು ವೇಗ. 2023ರ ಸೆಪ್ಟೆಂಬರ್‌ನಿಂದ ಕಾಚಿಗುಡ ಮತ್ತು ಯಶವಂತಪುರದ ನಡುವೆ ವಂದೇ ಭಾರತ್ ಓಡುತ್ತಿದೆ. ರೈಲು ಹತ್ತಿರ ಬರುವಾಗ ಹಾರ್ನ್ ಕೀಚಲಾಗಿ, ದಾಟಿದ ಮೇಲೆ ದಪ್ಪವಾಗಿ ಕೇಳುತ್ತದಲ್ಲ, ಆ ಡಾಪ್ಲರ್ ಪರಿಣಾಮ ರೇಡಿಯೊ ಅಲೆಗೂ ಇದೆ. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ, 3.5 ಗಿಗಾಹರ್ಟ್ಸ್ ಅಲೆ ಸುಮಾರು 350 ಹರ್ಟ್ಸ್ ಜರುಗುತ್ತದೆ. ದಾರಿಗಳ ನಡುವಿನ ಅಂತರ 30,000 ಹರ್ಟ್ಸ್ ಇರುವಾಗ ಇದು ದೊಡ್ಡ ತೊಂದರೆಯಲ್ಲ. ಗಂಟೆಗೆ 800 ಕಿಲೋಮೀಟರ್ ಹಾರುವ ವಿಮಾನಕ್ಕೆ ಲೆಕ್ಕ ಸುಮಾರು 2,600 ಹರ್ಟ್ಸ್ ಆಗುತ್ತದೆ. ತಲೆಯ ಮೇಲೆ ಹಾದುಹೋಗುವ ಕೆಳಕಕ್ಷೆಯ ಉಪಗ್ರಹಕ್ಕಾದರೆ ಹತ್ತಾರು ಸಾವಿರ ಹರ್ಟ್ಸ್. ಆಗ ಬಾಚಣಿಗೆಯ ಹಲ್ಲುಗಳಂತೆ ಒಪ್ಪವಾಗಿ ನಿಂತ ದಾರಿಗಳು ಒಂದರ ಮೇಲೊಂದು ಜಾರುತ್ತವೆ. ಎಷ್ಟು ಜಾರುತ್ತದೆಂದು ಮೊದಲೇ ಲೆಕ್ಕ ಹಾಕಿ ಸರಿಪಡಿಸಬೇಕು, ಇಲ್ಲವೇ ಅಲೆಯನ್ನೇ ಬೇರೆ ರೀತಿ ಕಟ್ಟಬೇಕು.

ಬೇರೆ ರೀತಿ ಕಟ್ಟುವ ಕೆಲಸ ಯಶವಂತಪುರಕ್ಕೆ ಕೂಗಳತೆಯಲ್ಲೇ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿನ ಪ್ರೊಫೆಸರ್ ಎ. ಚೊಕ್ಕಲಿಂಗಂ ಅವರ ಪ್ರಯೋಗಾಲಯ ಓಟಿಎಫ್‌ಎಸ್ ಎಂಬ ತರಂಗರೂಪದ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ. 2017ರಲ್ಲಿ ರಾನಿ ಹದಾನಿ ಮತ್ತು ಸಂಗಡಿಗರು ಇದನ್ನು ಮುಂದಿಟ್ಟರು. ಅದಕ್ಕೆ ಗಣಿತದ ತಳಪಾಯ ಹಾಕಿದ 2022ರ ಲೇಖನದಲ್ಲಿ ಹದಾನಿ, ರಾಬರ್ಟ್ ಕಾಲ್ಡರ್‌ಬ್ಯಾಂಕ್ ಅವರ ಜೊತೆ ಚೊಕ್ಕಲಿಂಗಂ ಮತ್ತು ಅವರ ಹಳೆಯ ವಿದ್ಯಾರ್ಥಿ, ಐಐಟಿ ದೆಹಲಿಯ ಸೈಫ್ ಖಾನ್ ಮೊಹಮ್ಮದ್ ಅವರ ಹೆಸರುಗಳಿವೆ.

ನಮಗೆ ತಿಳಿದ ಮಟ್ಟಿಗೆ ಅದರ ತಿರುಳು ಹೀಗಿದೆ. ಓಎಫ್‌ಡಿಎಂ ಮಾರ್ದನಿಯನ್ನು ಪೀಡೆಯೆಂದು ತಿಳಿದು ಅದು ಅಡಗಲೆಂದು ಕಾಯುತ್ತದೆ. ಓಟಿಎಫ್‌ಎಸ್ ಮಾರ್ದನಿಯನ್ನು ವಿಳಾಸವೆಂದು ಓದುತ್ತದೆ. ಇದು ಎಷ್ಟು ತಡವಾಗಿ ಬಂತು, ಎಷ್ಟು ಜರುಗಿ ಬಂತು ಎಂಬ ಎರಡು ಅಂಕಿ ಸಿಕ್ಕರೆ ಅದು ಬಡಿದು ಬಂದ ಬಂಡೆ ಎಷ್ಟು ದೂರದಲ್ಲಿದೆ, ಬಡಿದ ಬಸ್ಸು ಎಷ್ಟು ವೇಗದಲ್ಲಿದೆ ಎಂದು ತಿಳಿಯುತ್ತದೆ. ಅಲೆ ಸಾವಿರ ಸಲ ಬಡಿದು ಕಲಸಿಹೋದಂತೆ ಕಂಡರೂ ಬಂಡೆ, ಬಸ್ಸುಗಳು ಅಷ್ಟು ಬೇಗ ಜಾಗ ಬದಲಿಸುವುದಿಲ್ಲ. ಮಾಹಿತಿಯನ್ನು ಆ ತಡ ಮತ್ತು ಜರುಗುಗಳ ಚೌಕಟ್ಟಿನಲ್ಲೇ ಬಿತ್ತಿದರೆ ವೇಗ ಹೆಚ್ಚಿದರೂ ಕೊಯ್ಲು ಕೆಡುವುದಿಲ್ಲ. ಇದೇ ಗುಣದಿಂದ ಆ ಅಲೆ ಮಾತು ಒಯ್ಯುತ್ತಲೇ ರೇಡಾರ್‌ನಂತೆ ಸುತ್ತಲನ್ನೂ ನೋಡಬಲ್ಲದು. 6ಜಿಯ ಆರು ಬಳಕೆಗಳೆಂದು 2023ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಪಟ್ಟಿ ಮಾಡಿದ್ದರಲ್ಲಿ ಸಂವಹನದ ಜೊತೆಗೆ ಸಂವೇದನೆ ಎಂಬುದೂ ಒಂದು.

ಗುಂಪು, ಅಂಚು, ವೇಗ. ನಾಲ್ಕನೆಯದು ನಮ್ಮ ಹಳೆಯ ದೂರ. 2025ರ ಜುಲೈನಲ್ಲಿ ನಂದಿ ಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಬೆಂಗಳೂರು ಉತ್ತರ ಎಂದು ಕರೆಯಲು ತೀರ್ಮಾನಿಸಿತು. ಹೆಸರಿನಿಂದ ಗ್ರಾಮಾಂತರ ಹೊರಟಿತು. ಪಂಚಾಯಿತಿಯಿಂದ ಪಂಚಾಯಿತಿಗಿರುವ ದೂರ ಇದ್ದಲ್ಲೇ ಇದೆ.

ಸಾಲು ಯಾರದ್ದು

ಬೆಂಗಳೂರಿನ ಆ ಸಭೆಯಲ್ಲಿ ಈ ನಾಲ್ಕು ಬೇಡಿಕೆಗಳೂ ಒಂದಲ್ಲ ಒಂದು ರೂಪದಲ್ಲಿ ಮೇಜಿನ ಮೇಲಿದ್ದವು. 6ಜಿಯ ಅಧ್ಯಯನ ಓಎಫ್‌ಡಿಎಂ ಕುಟುಂಬವನ್ನೇ ತಳಹದಿಯಾಗಿ ಇಟ್ಟುಕೊಂಡು, ಅದರ ಮೇಲೆ ಏನು ಸೇರಿಸಬಹುದು ಎಂದು ನೋಡುತ್ತಿದೆ. ಅದಕ್ಕೆ ಕಾರಣವಿದೆ. ಹೊಸ ಅಲೆ ಎಂದರೆ ಹೊಸ ಚಿಪ್, ಹೊಸ ಪರೀಕ್ಷೆ, ಹೊಸ ಖರ್ಚು. ಪ್ರತಿ ಬೇಡಿಕೆಗೂ ಒಂದೊಂದು ಅಲೆ ಕೊಡುತ್ತಾ ಹೋದರೆ ಫೋನು ಯಾರ ಕೈಗೂ ಎಟುಕದು. ಆದ್ದರಿಂದ ಹೊಂದಿಕೊಳ್ಳುವ ತರಂಗರೂಪ ಎಂಬ ಮಾತಿನ ಹಿಂದೆ ಒಂದು ಆಯ್ಕೆ ಇರುತ್ತದೆ. ಯಾರ ಬೇಡಿಕೆಗೆ ತಕ್ಕಂತೆ ಅಲೆ ಬಾಗಬೇಕು, ಯಾರು ಅಲೆಗೆ ತಕ್ಕಂತೆ ಬಾಗಬೇಕು? ಸಿಗ್ನಲ್ ಹುಡುಕಿಕೊಂಡು ದಿಬ್ಬ ಹತ್ತುವ ಮೇಟ್ ಅಲೆಗೆ ತಕ್ಕಂತೆ ಬಾಗಿದವರು.

ಆ ಆಯ್ಕೆ ನಡೆಯುವುದು ಕೋಷ್ಟಕದ ಸಾಲುಗಳಲ್ಲಿ. 2017ರಲ್ಲಿ ಯಾರೋ ಕೂತು 6,000 ಮೀಟರ್ ಎಂದು ಬರೆಸಿದ್ದರಿಂದ ಫೋನಿನ ದನಿ ಎತ್ತರಿಸುವ ಅಲೆಗೆ ಬೆಲೆ ಬಂತು. ಆ ಸಾಲು ಇರದಿದ್ದರೆ 1,732 ಮೀಟರಿನಲ್ಲಿ ಪಾಸಾದ ಅಲೆಯೇ ನಮ್ಮ ಹೋಬಳಿಗೂ ಬರುತ್ತಿತ್ತು, ಏರದ ವಿಡಿಯೊಗೆ ಕಾರಣ ಹೇಳಲೂ ಯಾರಿಗೂ ಬರುತ್ತಿರಲಿಲ್ಲ. 6ಜಿಯ ಆರು ಬಳಕೆಗಳಲ್ಲಿ ಎಲ್ಲೆಡೆ ಸಂಪರ್ಕ ಎಂಬುದೂ ಸೇರಿದೆ, ಅದಕ್ಕಾಗಿ ಭಾರತ ವಾದಿಸಿತ್ತು. ಒಳ್ಳೆಯದೇ. ಆದರೆ ಎಲ್ಲೆಡೆ ಎಂಬುದನ್ನು ಮೀಟರ್‌ಗಳಲ್ಲಿ, ಮಿಲಿವ್ಯಾಟ್‌ಗಳಲ್ಲಿ ಬರೆಯಬೇಕು. ಬರೆದದ್ದು ಐಚ್ಛಿಕವೋ ಕಡ್ಡಾಯವೋ ಎಂದು ಕೇಳಬೇಕು. 2030ರ ಹೊತ್ತಿಗೆ ಮಾನಕ ಸಿದ್ಧವಾಗಬೇಕೆಂಬುದು ಗುರಿ, ಕೇಳಲು ಇನ್ನೂ ಕಾಲವಿದೆ.

ನಮ್ಮ ಕಡೆಯಿಂದ ಒಂದು ಚಿಕ್ಕ ಕೆಲಸ ಮಾಡಬಹುದು. ನೆಟ್‌ವರ್ಕ್ ಸಮಸ್ಯೆಯ ಸುದ್ದಿ ಬರೆಯುವಾಗ ನಾವು ಟವರ್ ಎಷ್ಟು, ಕಡ್ಡಿ ಎಷ್ಟು, ಗ್ರಾಮಸ್ಥರ ಆಕ್ರೋಶ ಎಷ್ಟು ಎಂದು ಬರೆಯುತ್ತೇವೆ. ಇನ್ನು ಮುಂದೆ ಆ ಊರಿನಲ್ಲಿ ನಿಂತು ಇಳಿಯುವ ವೇಗ, ಏರುವ ವೇಗ ಎರಡನ್ನೂ ಅಳೆದು ಪಕ್ಕಪಕ್ಕ ಬರೆಯೋಣ. ಹತ್ತಿರದ ಟವರ್ ಎಷ್ಟು ದೂರ ಎಂದು ಬೈಕಿನ ಮೀಟರ್ ನೋಡಿ ಬರೆಯೋಣ. ಅಧಿಕಾರಿಗಳನ್ನೂ ಕಂಪನಿಯವರನ್ನೂ ಟವರ್ ಯಾವಾಗ ಎಂದಷ್ಟೇ ಕೇಳದೆ, ಏರುದಾರಿಗೆ ಇರುವ ಸೌಲಭ್ಯಗಳಲ್ಲಿ ಇಲ್ಲಿ ಯಾವುದನ್ನು ಚಾಲೂ ಮಾಡಿದ್ದೀರಿ ಎಂದು ಕೇಳೋಣ. ಮೊದಲ ಸಲ ಅವರಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ಮೂರನೇ ಸಲ ಕೇಳುವ ಹೊತ್ತಿಗೆ ಯಾರನ್ನಾದರೂ ವಿಚಾರಿಸಿಕೊಂಡು ಬಂದಿರುತ್ತಾರೆ. ದೊಡ್ಡಬಳ್ಳಾಪುರ, ದೇವನಹಳ್ಳಿ ತಾಲ್ಲೂಕುಗಳಲ್ಲಿ ನಾವು ಅಳೆಯಲು ಶುರು ಮಾಡಿದ್ದೇವೆ. ನಿಮ್ಮ ತಾಲ್ಲೂಕಿನ ಅಂಕಿಗಳನ್ನೂ ಕಳಿಸಿ. ಫೋಟೊ ಬೇಡ, ಊರಿನ ಹೆಸರು ಮತ್ತು ಮೂರು ಸಂಖ್ಯೆ ಸಾಕು. ಅಷ್ಟು ಎಲ್ಲಿಂದಲಾದರೂ ಏರುತ್ತದೆ.